ಬಂಡೆ ಸಂದಿಯ ಸೋರ್ಡ್ ಫರ್ನ್: ಯಾವ ಜಾತಿ ಎಂದು ಹೇಗೆ ಹೇಳುವುದು?

ಓದುಗರ ಪ್ರಶ್ನೆ: ನಾವು ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್ಮಂಡ್‌ನಲ್ಲಿದ್ದೇವೆ. ಮನೆ ಹಿಂದಿನ ಕಾಡಿನಲ್ಲಿ ಸೊಂಟದೆತ್ತರದ ಜರಿಗಿಡಗಳಾದ ಸೋರ್ಡ್ ಫರ್ನ್‌ಗಳು ತುಂಬಿವೆ, ಅವು ಚೆನ್ನಾಗಿ ಪರಿಚಯ. ಈ ಬೇಸಿಗೆಯಲ್ಲಿ ಕ್ಯಾಸ್ಕೇಡ್ ಬೆಟ್ಟಗಳ ಪೂರ್ವಕ್ಕೆ, ಲೆವೆನ್‌ವರ್ತ್ ಬಳಿ ಚಾರಣ ಹೋಗಿದ್ದಾಗ ಗ್ರಾನೈಟ್ ಬಂಡೆಯ ಬಿರುಕಿನಲ್ಲಿ ಅದೇ ರೀತಿಯ, ಆದರೆ ಒಂದಡಿಯಷ್ಟೇ ಉದ್ದದ ಬಿರುಸಾದ ಗಿಡ ಕಂಡಿತು. ಎಲೆಯ ಎಸಳುಗಳು (ನಡುಕಡ್ಡಿಯ ಎರಡೂ ಬದಿಯ ಸೀಳುಗಳು) ಒತ್ತೊತ್ತಾಗಿ, ತಿರುಚಿಕೊಂಡು ನಿಂತಿದ್ದವು. ಮೊಬೈಲ್ ಆ್ಯಪ್ ಒಂದು ಸಲ ಸೋರ್ಡ್ ಫರ್ನ್ ಎಂದಿತು, ಇನ್ನೊಂದು ಸಲ ಹಾಲಿ ಫರ್ನ್ ಎಂದಿತು. ಆಮೇಲೆ ಇಂಗಲ್ಸ್ ಸರೋವರದ ದಾರಿಯಲ್ಲಿ, ಕೆಂಪು ಕಂದು ಬಂಡೆಗಳ ನಡುವೆ ಇನ್ನೂ ಚಿಕ್ಕದೊಂದು ಸಿಕ್ಕಿತು. ಅದರ ಎಸಳುಗಳೇ ಮತ್ತೆ ಸೀಳಿದ್ದವು. ಇವೆಲ್ಲ ನೀರಿಲ್ಲದೆ ಕುಗ್ಗಿದ ಒಂದೇ ಗಿಡವೇ, ಬೇರೆ ಬೇರೆಯೇ? ಎಲೆಯಡಿ ಸಾಲಾಗಿ ಕಂದು ಚುಕ್ಕೆಗಳಿದ್ದವು, ಅದು ರೋಗವೇ? ಬೆಂಗಳೂರಿನ ನರ್ಸರಿಗಳಲ್ಲಿ ಸೋರ್ಡ್ ಫರ್ನ್ ಎಂದು ಕೊಡುವುದು ಇದನ್ನೇ? ಊರಿಂದ ಬಂದಿರುವ ಅಮ್ಮ, ಇದರ ಸುರುಳಿ ಚಿಗುರನ್ನು ಪಲ್ಯ ಮಾಡಬಹುದು ಅನ್ನುತ್ತಾರೆ. ಒಂದು ಗಿಡ ಕಿತ್ತು ತಂದು ಮನೆಯ ಕಲ್ಲುತೋಟದಲ್ಲಿ ನೆಡಬಹುದೇ?

ಉತ್ತರ:

ನಿಮ್ಮ ಗೊಂದಲದ ತಿರುಳು ಇದು: ಗಿಡ ಚಿಕ್ಕದಾಗಿರುವುದು ಜಾಗದ ಕಾರಣಕ್ಕೋ, ಜಾತಿಯ ಕಾರಣಕ್ಕೋ? ಜರಿಗಿಡಗಳನ್ನು ಗುರುತಿಸುವ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಎದುರಿಸುವ ಪ್ರಶ್ನೆಯೂ ಇದೇ. ನೀವು ಬರೆದದ್ದನ್ನು ನೋಡಿದರೆ ಎರಡು ಕಡೆ ಕಂಡವು ಎರಡು ಬೇರೆ ಜಾತಿಗಳು. ಮನೆ ಹಿಂದಿನದು ಮೂರನೆಯದು. ಹಾಗೆ ಏಕೆ ಅನ್ನುತ್ತೇನೆ ಎಂದು ವಿವರಿಸುತ್ತೇನೆ, ಮುಂದಿನ ಚಾರಣದಲ್ಲಿ ನೀವೇ ಪರೀಕ್ಷೆ ಮಾಡಿ ನೋಡಬಹುದು.

ಮೊದಲು ಬೆಂಗಳೂರಿನ ನರ್ಸರಿಯ ವಿಷಯ ಮುಗಿಸೋಣ. ಅಲ್ಲಿ ಕುಂಡಗಳಲ್ಲಿ ಕೊಡುವುದು ನೆಫ್ರೊಲೆಪಿಸ್ ಎಂಬ ಕುಲದ ಗಿಡ. ಬಾಸ್ಟನ್ ಫರ್ನ್ ಕೂಡ ಅದೇ ಕುಲ. ನಿಮ್ಮ ಕಾಡಿನಲ್ಲಿರುವುದು ಪಾಲಿಸ್ಟಿಕಮ್ ಕುಲ. ಎರಡಕ್ಕೂ ಉದ್ದ ಎಲೆ, ಎರಡು ಕಡೆ ಸಾಲು ಎಸಳು ಇರುವುದರಿಂದ ಒಂದೇ ಹೆಸರು ಅಂಟಿಕೊಂಡಿದೆ, ಅಷ್ಟೇ. ನೆಫ್ರೊಲೆಪಿಸ್ ನೆಲದ ಮೇಲೆ ದಾರದಂಥ ಬಳ್ಳಿ ಬಿಟ್ಟು ಹರಡುತ್ತದೆ. ಅದರ ಒಂದು ಜಾತಿಯ ಬೇರಿನಲ್ಲಿ ದುಂಡನೆಯ ಗೆಡ್ಡೆಗಳೂ ಇರುತ್ತವೆ. ಹಳೆಯ ಎಲೆಯಿಂದ ಎಸಳುಗಳು ಒಂದೊಂದಾಗಿ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಪಾಲಿಸ್ಟಿಕಮ್ ಹಾಗಲ್ಲ. ಒಂದೇ ಬುಡದಿಂದ ಸುತ್ತಲೂ ಎಲೆ ಬಿಡುತ್ತದೆ, ಹಳೆಯ ಎಲೆ ಇಡಿಯಾಗಿ ಒಣಗಿ ಬುಡದಲ್ಲೇ ಬಿದ್ದಿರುತ್ತದೆ. ಪಾಲಿಸ್ಟಿಕಮ್ ನಮ್ಮ ದೇಶಕ್ಕೆ ಹೊಸದೇನಲ್ಲ. ಹಿಮಾಲಯದಲ್ಲಿ ಇದರ ಜಾತಿಗಳು ಬಹಳ. ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳಲ್ಲೂ ಕೆಲವು ಇವೆ. ಆದರೆ ಬೆಂಗಳೂರಿನ ಬಾಲ್ಕನಿ ಗಿಡ ಅದಲ್ಲ.

ಇನ್ನು ಕಂದು ಚುಕ್ಕೆಗಳು. ಅದು ರೋಗವಲ್ಲ, ಹುಳುವಿನ ಮೊಟ್ಟೆಯೂ ಅಲ್ಲ. ಜರಿಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯಡಿಯ ಆ ಚುಕ್ಕೆಗಳೇ ಬೀಜಾಣುಗಳ ಗೂಡು. ರೋಗವಾದರೆ ಕಲೆಗಳು ಅಡ್ಡಾದಿಡ್ಡಿಯಾಗಿ, ಎಲೆಯ ಮೇಲ್ಭಾಗದಲ್ಲೂ ಕಾಣುತ್ತವೆ. ಬೀಜಾಣು ಗೂಡುಗಳು ಎಸಳಿನ ನಡುನರದ ಎರಡೂ ಕಡೆ ಅಚ್ಚುಕಟ್ಟಾಗಿ ಸಾಲು ಹಿಡಿದಿರುತ್ತವೆ. ಚುಕ್ಕೆ ನೋಡಿ ಹೆದರಿ ಎಲೆ ಕತ್ತರಿಸುವವರನ್ನು, ಔಷಧಿ ಹೊಡೆಯುವವರನ್ನು ಬಹಳ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಜಾತಿ ಗುರುತಿಸಲು ನಮಗೆ ಸಿಗುವ ಬಹಳ ಒಳ್ಳೆಯ ಸುಳಿವುಗಳಲ್ಲಿ ಆ ಚುಕ್ಕೆಯೂ ಒಂದು.

ನಿಜವಾಗಿ ಚಿಂತೆ ಮಾಡಬೇಕಾದ ಲಕ್ಷಣ ಬೇರೆ. ಸಿಯಾಟಲ್‌ನ ಸೀವರ್ಡ್ ಪಾರ್ಕ್‌ನಲ್ಲಿ 2013ರಿಂದ ಸೋರ್ಡ್ ಫರ್ನ್‌ಗಳು ಗುಂಪುಗುಂಪಾಗಿ ಸತ್ತಿವೆ. ಅಲ್ಲಿ ಎಲೆ ಕಂದಾಗಿ ಸುರುಟುತ್ತದೆ, ಬುಡದ ಚಿಗುರೂ ಸತ್ತುಹೋಗುತ್ತದೆ, ಗಿಡ ಮತ್ತೆ ಚಿಗುರುವುದಿಲ್ಲ. ನಿಮ್ಮ ಹಿತ್ತಲಲ್ಲಿ ಒಂದರ ಪಕ್ಕ ಒಂದು ಹೀಗೆ ಸಾಯಲು ಶುರುವಾದರೆ ಮಾತ್ರ ಗಮನ ಕೊಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ನೀವು ನೋಡಿದ್ದು ಪಾಲಿಸ್ಟಿಕಮ್ ಹೌದೋ ಅಲ್ಲವೋ ಎಂಬುದು ಮೊದಲ ಹೆಜ್ಜೆ. ಎಲೆಯ ಒಂದು ಎಸಳನ್ನು ಹತ್ತಿರದಿಂದ ನೋಡಿ. ಅದು ದಂಟಿಗೆ ಸೇರುವ ಕಡೆ, ಎಲೆಯ ತುದಿಯತ್ತ ಮುಖ ಮಾಡಿದ ಬದಿಯಲ್ಲಿ, ಒಂದು ಸಣ್ಣ ಕಿವಿ ಚಾಚಿಕೊಂಡಿರುತ್ತದೆ. ಅಂಚಿನ ಹಲ್ಲುಗಳ ತುದಿಯಲ್ಲಿ ಸೂಕ್ಷ್ಮ ಮುಳ್ಳಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಎಳೆಯ ಬೀಜಾಣು ಗೂಡಿನ ಮೇಲೆ ದುಂಡನೆಯ ಪೊರೆ ಇರುತ್ತದೆ. ಆ ಪೊರೆ ನಡುಮಧ್ಯದ ಒಂದೇ ಬಿಂದುವಿನಲ್ಲಿ ಅಂಟಿಕೊಂಡು, ಸುತ್ತಲೂ ಬಿಡಿಯಾಗಿರುತ್ತದೆ. ಈ ಪೊರೆ ಮತ್ತು ಕಿವಿ ಎರಡೂ ಇದ್ದರೆ ಪಾಲಿಸ್ಟಿಕಮ್ ಎಂದು ಧೈರ್ಯವಾಗಿ ಹೇಳಬಹುದು.

ಅದೇ ಕಾಡಿನಲ್ಲಿ ದಾರಿ ತಪ್ಪಿಸುವ ಬೇರೆ ಗಿಡಗಳೂ ಇವೆ. ಡಿಯರ್ ಫರ್ನ್‌ನ ಎಸಳು ದಂಟಿಗೆ ಪೂರ್ತಿ ಅಗಲವಾಗಿ ಅಂಟಿರುತ್ತದೆ, ಕಿವಿ ಇಲ್ಲ. ಅದರಲ್ಲಿ ಎರಡು ಬಗೆಯ ಎಲೆಗಳಿರುತ್ತವೆ. ಹರಡಿಕೊಂಡ ಹಸಿರೆಲೆ ಒಂದು ಬಗೆ, ನಡುವಿನಿಂದ ನೆಟ್ಟಗೆ ಏಳುವ ಸಪೂರ ಎಲೆ ಇನ್ನೊಂದು. ಬೀಜಾಣು ಇರುವುದು ಸಪೂರ ಎಲೆಯಲ್ಲಿ ಮಾತ್ರ. ಲಿಕೊರೈಸ್ ಫರ್ನ್ ಪಾಚಿ ಹಿಡಿದ ಮರದ ಮೇಲೆ, ಬಂಡೆಯ ಮೇಲೆ ಬೆಳೆಯುತ್ತದೆ. ಅದರ ಬೀಜಾಣು ಗೂಡಿಗೆ ಪೊರೆಯೇ ಇಲ್ಲ. ಇವೆರಡನ್ನು ಬದಿಗಿಟ್ಟರೆ ಉಳಿದದ್ದು ಸುಲಭ.

ಮನೆ ಹಿಂದಿನ ದೊಡ್ಡ ಗಿಡ ಪಾಲಿಸ್ಟಿಕಮ್ ಮ್ಯುನಿಟಮ್. ಅಲಾಸ್ಕಾದ ಆಗ್ನೇಯ ತುದಿಯಿಂದ ಕ್ಯಾಲಿಫೋರ್ನಿಯಾದವರೆಗೆ ಕರಾವಳಿ ಕಾಡುಗಳಲ್ಲಿ ಇದರದೇ ರಾಜ್ಯ. ನೆರಳಲ್ಲಿ ಎಲೆ ಒಂದೂವರೆ ಮೀಟರ್ ದಾಟುವುದೂ ಉಂಟು. ಎಲೆ ಒಂದೇ ಸಲ ಸೀಳಿರುತ್ತದೆ, ಅಂದರೆ ಎಸಳುಗಳು ಮತ್ತೆ ಸೀಳಿರುವುದಿಲ್ಲ; ಎಸಳುಗಳು ಚಪ್ಪಟೆಯಾಗಿ ಒಂದೇ ಮಟ್ಟದಲ್ಲಿ ಹರಡಿರುತ್ತವೆ.

ಲೆವೆನ್‌ವರ್ತ್ ಬಳಿಯ ಗ್ರಾನೈಟ್ ಬಿರುಕಿನಲ್ಲಿ ಕಂಡದ್ದು ಬಹುತೇಕ ಪಾಲಿಸ್ಟಿಕಮ್ ಇಂಬ್ರಿಕನ್ಸ್. ಇದರ ಎಸಳುಗಳು ಕಿಟಕಿಯ ಬ್ಲೈಂಡ್ ಪಟ್ಟಿಗಳನ್ನು ಅರ್ಧ ತಿರುಗಿಸಿದ ಹಾಗೆ, ಎಲೆಯ ಮಟ್ಟದಿಂದ ಹೊರಳಿ ಒಂದರ ಮೇಲೊಂದು ಮಲಗಿರುತ್ತವೆ. ಇದನ್ನು ಬಹಳ ಕಾಲ ಮ್ಯುನಿಟಮ್‌ನ ಒಂದು ರೂಪ ಎಂದೇ ಎಣಿಸಿದ್ದರು. ಡೇನಿಯಲ್ ಕೇಡಿ ಈಟನ್ ಎಂಬ ಅಮೆರಿಕದ ಜರಿ ತಜ್ಞ ಹತ್ತೊಂಬತ್ತನೇ ಶತಮಾನದಲ್ಲಿ ಇದಕ್ಕೆ ಜಾತಿಗಿಂತ ಕೆಳಗಿನ ಮಟ್ಟದ ಹೆಸರು ಕೊಟ್ಟಿದ್ದರು. 1979ರಲ್ಲಿ ಸಸ್ಯವಿಜ್ಞಾನಿ ಡೇವಿಡ್ ವ್ಯಾಗ್ನರ್ ಪಶ್ಚಿಮ ಅಮೆರಿಕದ ಪಾಲಿಸ್ಟಿಕಮ್‌ಗಳನ್ನೆಲ್ಲ ಮತ್ತೆ ಪರಿಶೀಲಿಸಿ ಇದನ್ನು ಪೂರ್ಣ ಜಾತಿ ಎಂದು ಬೇರ್ಪಡಿಸಿದರು. ಹಳೆಯ ಕೈಪಿಡಿ ಹಿಡಿದವರಿಗೆ ಒಂದು ಹೆಸರು, ಹೊಸದು ಹಿಡಿದವರಿಗೆ ಇನ್ನೊಂದು ಹೆಸರು ಸಿಗುವುದು ಇದೇ ಕಾರಣಕ್ಕೆ. ನಿಮ್ಮ ಆ್ಯಪ್‌ನ ತಡವರಿಕೆ ಕೂಡ ಅರ್ಥವಾಗುವಂಥದ್ದೇ. ಅದು ಫೋಟೋದಲ್ಲಿ ಕಾಣುವ ಒಟ್ಟು ಆಕಾರ ನೋಡುತ್ತದೆ. ಈ ಗಿಡಗಳಲ್ಲಿ ಮೋಸ ಮಾಡುವುದೇ ಒಟ್ಟು ಆಕಾರ.

ಏಕೆ ಎಂದರೆ, ಮ್ಯುನಿಟಮ್ ಕೂಡ ಬಿಸಿಲಿಗೆ ಬಿದ್ದರೆ ಮೈ ಬದಲಿಸುತ್ತದೆ. ನೆರಳಿನ ಕಾಡಿನಲ್ಲಿ ಬೆಳಕು ಕಡಿಮೆ, ಹಾಗಾಗಿ ಗಿಡ ಎಲೆಯನ್ನು ಉದ್ದ ಮಾಡಿ, ಎಸಳುಗಳನ್ನು ದೂರ ದೂರ ಹರಡಿ ಬೆಳಕು ಹಿಡಿಯುತ್ತದೆ. ಮರ ಕಡಿದ ಜಾಗದಲ್ಲೋ, ದಿಬ್ಬದ ಬಿಸಿಲಲ್ಲೋ ಬೆಳಕು ಜಾಸ್ತಿ, ನೀರು ಕಡಿಮೆ. ಆಗ ಅದೇ ಗಿಡ ಎಲೆಯನ್ನು ಗಿಡ್ಡ ಮಾಡುತ್ತದೆ, ದಪ್ಪ ಮಾಡುತ್ತದೆ, ಎಸಳುಗಳು ಒತ್ತೊತ್ತಾಗುತ್ತವೆ, ಸ್ವಲ್ಪ ಮಡಚಿಕೊಳ್ಳುತ್ತವೆ. ನೇರ ಬಿಸಿಲು ಎಲೆಯ ಪೂರ್ತಿ ಅಗಲಕ್ಕೆ ಬೀಳದ ಹಾಗೆ, ನೀರು ಆರಿಹೋಗದ ಹಾಗೆ ಮಾಡಿಕೊಳ್ಳುವ ಏರ್ಪಾಡು ಅದು. ದೂರದಿಂದ ನೋಡಿದರೆ ಥೇಟ್ ಇಂಬ್ರಿಕನ್ಸ್. ಆದ್ದರಿಂದ "ಚಿಕ್ಕದು, ಒತ್ತಾಗಿದೆ, ಬಂಡೆ ಮೇಲಿದೆ" ಎಂಬ ಮೂರೇ ಮಾತಿನ ಮೇಲೆ ಇಂಬ್ರಿಕನ್ಸ್ ಎಂದು ತೀರ್ಮಾನ ಮಾಡಬೇಡಿ. ತಿಳಿದವರು ಕೂಡ ಇಲ್ಲಿ ಎಡವುತ್ತಾರೆ.

ಹಾಗಾದರೆ ಏನು ನೋಡಬೇಕು? ಎಲೆಯ ತೊಟ್ಟನ್ನು. ಅಂದರೆ ಬುಡದಿಂದ ಮೊದಲ ಎಸಳಿನವರೆಗಿನ ಕಡ್ಡಿಯನ್ನು. ನನ್ನ ಮಟ್ಟಿಗೆ ಕಾಡಿನಲ್ಲಿ ಇದಕ್ಕಿಂತ ನಂಬಿಕೆಯ ಗುರುತು ಇಲ್ಲ. ಜರಿಗಿಡಗಳ ತೊಟ್ಟಿನ ಮೇಲೆ ಕಂದು ಬಣ್ಣದ ತೆಳು ಹುರುಪೆಗಳಿರುತ್ತವೆ. ಮ್ಯುನಿಟಮ್‌ನಲ್ಲಿ ಅವು ದಟ್ಟ, ದೊಡ್ಡ, ಅಗಲ. ಬುಡದಿಂದ ಮೇಲಕ್ಕೆ ನಿಧಾನವಾಗಿ ಸಣ್ಣದಾಗುತ್ತಾ ಎಸಳುಗಳ ನಡುವಿನ ದಂಟಿನ ಮೇಲೂ ಮುಂದುವರಿಯುತ್ತವೆ. ಹಳೆಯ ಎಲೆಯಲ್ಲೂ ಉಳಿದಿರುತ್ತವೆ, ಕೈಗೆ ಒರಟೊರಟಾಗಿ ಸಿಗುತ್ತವೆ. ಇಂಬ್ರಿಕನ್ಸ್‌ನಲ್ಲಿ ಬುಡದ ಹತ್ತಿರ ಮಾತ್ರ ಒಂದು ಗೊಂಚಲು. ಅಲ್ಲಿಂದ ಮೇಲೆ ಥಟ್ಟನೆ ಸಪೂರವಾಗುತ್ತವೆ, ಬೇಗ ಉದುರಿಹೋಗುತ್ತವೆ. ಬೇಸಿಗೆಯ ಕೊನೆಗೆ ತೊಟ್ಟು ಹೆಚ್ಚುಕಡಿಮೆ ಬರಿದಾಗಿ, ನುಣುಪಾಗಿ ಇರುತ್ತದೆ. ಬಿಸಿಲಿನ ಮ್ಯುನಿಟಮ್ ಎಷ್ಟೇ ಕುಗ್ಗಿದರೂ ಈ ಹುರುಪೆಗಳನ್ನು ಬಿಡುವುದಿಲ್ಲ. ಹೀಗಾಗಿ ಬಿಸಿಲು ಮಾಡಿದ ವೇಷ ಯಾವುದು, ಹುಟ್ಟಿನಿಂದ ಬಂದ ಗುಣ ಯಾವುದು ಎಂದು ಇಲ್ಲಿ ಬೇರೆಯಾಗುತ್ತದೆ.

ಒಂದು ಎಚ್ಚರಿಕೆ. ವಸಂತದಲ್ಲಿ ಹೊಸ ಎಲೆ ಸುರುಳಿ ಬಿಚ್ಚುವಾಗ ಇಂಬ್ರಿಕನ್ಸ್‌ನಲ್ಲೂ ಹುರುಪೆ ಕಾಣುತ್ತದೆ. ಆದ್ದರಿಂದ ಎಳೆ ಎಲೆಯ ತೊಟ್ಟು ನೋಡಿ ಮೋಸಹೋಗಬೇಡಿ. ಪೂರ್ತಿ ಬಿಚ್ಚಿದ, ಗಟ್ಟಿಯಾದ ಎಲೆಯನ್ನೇ ನೋಡಿ. ಕಳೆದ ವರ್ಷದ ಎಲೆ ಸಿಕ್ಕರೆ ಇನ್ನೂ ಒಳ್ಳೆಯದು.

ಎರಡನೆಯ ಗುರುತಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಲೆನ್ಸ್ ಬೇಕು. ಬೀಜಾಣು ಗೂಡಿನ ಮೇಲಿನ ಪೊರೆಯ ಅಂಚನ್ನು ನೋಡಿ. ಮ್ಯುನಿಟಮ್‌ನಲ್ಲಿ ಅಂಚಿನ ಸುತ್ತ ರೆಪ್ಪೆಗೂದಲಿನಷ್ಟು ನವಿರಾದ ಎಳೆಗಳಿರುತ್ತವೆ. ಇಂಬ್ರಿಕನ್ಸ್‌ನಲ್ಲಿ ಎಳೆಗಳಿಲ್ಲ, ಅಂಚು ನುಣುಪಾಗಿ ಅಥವಾ ತೀರಾ ಸಣ್ಣ ಹಲ್ಲುಗಳಿಂದ ಕೂಡಿರುತ್ತದೆ. ಬೀಜಾಣು ಬಲಿತು ಚೆಲ್ಲಿದ ಮೇಲೆ ಪೊರೆ ಮುದುಡಿ ಬಿದ್ದುಹೋಗುತ್ತದೆ. ಅಷ್ಟರೊಳಗೆ ನೋಡಬೇಕು.

ಹಾಲಿ ಫರ್ನ್ ಎಂದು ಆ್ಯಪ್ ಹೇಳಿದ್ದು ಪಾಲಿಸ್ಟಿಕಮ್ ಲೊಂಕಿಟಿಸ್ ಎಂಬ ಜಾತಿಯನ್ನು. ಅದೂ ಬೆಟ್ಟದ ಕಲ್ಲುಗಳ ನಡುವೆಯೇ ಬೆಳೆಯುತ್ತದೆ, ಎಲೆಯೂ ಒಂದೇ ಸಲ ಸೀಳಿರುತ್ತದೆ, ಗಿಡ್ಡವೂ ಹೌದು. ಆದರೆ ಇದನ್ನು ಗುರುತಿಸುವುದು ಬಹಳ ಸುಲಭ. ಎಲೆಯ ಬುಡದ ಕಡೆ ನೋಡಿದರೆ ಸಾಕು. ಲೊಂಕಿಟಿಸ್‌ನ ಎಲೆ ಮೇಲೆಯೂ ಕೆಳಗೆಯೂ ಸಪೂರವಾಗುತ್ತದೆ. ಬುಡದ ಕಡೆಗೆ ಬಂದಂತೆ ಎಸಳುಗಳು ಚಿಕ್ಕದಾಗುತ್ತಾ ಕೊನೆಗೆ ಪುಟ್ಟ ತ್ರಿಕೋನಗಳಾಗಿ ಉಳಿಯುತ್ತವೆ. ತೊಟ್ಟು ತೀರಾ ಗಿಡ್ಡ. ಅಂಚಿನ ಮುಳ್ಳುಗಳು ಹೊರಕ್ಕೆ ಚಾಚಿ ಚುಚ್ಚುತ್ತವೆ. ಇಂಬ್ರಿಕನ್ಸ್‌ನಲ್ಲಿ ಕೆಳಗಿನ ಎಸಳುಗಳು ಹೀಗೆ ತ್ರಿಕೋನಗಳಾಗಿ ಕರಗುವುದಿಲ್ಲ, ತೊಟ್ಟು ಸ್ಪಷ್ಟವಾಗಿ ಉದ್ದ ಇರುತ್ತದೆ. ಲೊಂಕಿಟಿಸ್ ಯುರೋಪಿನ ಆಲ್ಪ್ಸ್‌ನಲ್ಲೂ ಇದೆ, ಕಾಶ್ಮೀರದ ಕಡೆಯ ಹಿಮಾಲಯದಲ್ಲೂ ಇದೆ. 1753ರಲ್ಲೇ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಬೇರೊಂದು ಕುಲದ ಹೆಸರಲ್ಲಿ ದಾಖಲಿಸಿದ್ದರು. ಭೂಮಿಯ ಉತ್ತರದ ತಂಪು ಬೆಟ್ಟಗಳನ್ನೆಲ್ಲ ಸುತ್ತಿ ಬಂದಿರುವ ಗಿಡ ಇದು.

ಇನ್ನು ಇಂಗಲ್ಸ್ ಸರೋವರದ ದಾರಿಯ ಗಿಡ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಮಾತು "ಕೆಂಪು ಕಂದು ಬಂಡೆ". ಹೆಚ್ಚಿನವರು ಗಿಡವನ್ನು ಮಾತ್ರ ನೋಡುತ್ತಾರೆ, ಅದು ಯಾವ ಕಲ್ಲಿನ ಮೇಲಿತ್ತು ಎಂದು ಬರೆಯುವುದೇ ಇಲ್ಲ. ಈ ಕುಲದಲ್ಲಿ ಕಲ್ಲು ನೋಡಿದರೆ ಅರ್ಧ ಗುರುತು ಸಿಕ್ಕ ಹಾಗೆ.

ಆ ದಾರಿಯಲ್ಲಿ ಎದುರಿಗೆ ಕಾಣುವ ಮೌಂಟ್ ಸ್ಟುವರ್ಟ್ ಬೂದು ಬಣ್ಣದ ಗ್ರಾನೈಟ್ ಜಾತಿಯ ಕಲ್ಲು. ನೀವು ನಿಂತಿದ್ದ ಕಡೆಯ ಕಲ್ಲು ಬೇರೆ. ಅದು ಪೆರಿಡೊಟೈಟ್ ಮತ್ತು ಸರ್ಪೆಂಟೈನ್. ಹಿಂದೊಮ್ಮೆ ಸಾಗರದ ತಳದಡಿ ಇದ್ದ ಭೂಮಿಯ ಒಳಪದರದ ತುಂಡು, ಬೆಟ್ಟ ಏಳುವಾಗ ಮೇಲಕ್ಕೆ ಬಂದಿದೆ. ಒಡೆದರೆ ಒಳಗೆ ಕಪ್ಪು ಹಸಿರು, ಹೊರಗೆ ಗಾಳಿ ಮಳೆಗೆ ಸಿಕ್ಕಿ ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪು ಕಂದು. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸುತ್ತಿನ ಕ್ರೋಮೈಟ್ ಗಣಿಗಳ ಕಡೆ ಓಡಾಡಿದವರು ಇದೇ ಗುಂಪಿಗೆ ಸೇರಿದ ಕಲ್ಲನ್ನು ನೋಡಿರುತ್ತಾರೆ. ಅಲ್ಲಿನದು ವಯಸ್ಸಿನಲ್ಲಿ ಇದಕ್ಕಿಂತ ಬಹಳ ಬಹಳ ಹಳೆಯದು.

ಈ ಕಲ್ಲಿನಿಂದಾಗುವ ಮಣ್ಣಿನಲ್ಲಿ ಮೆಗ್ನೀಸಿಯಮ್ ಅತಿಯಾಗಿ, ಕ್ಯಾಲ್ಸಿಯಮ್ ತೀರಾ ಕಡಿಮೆ ಇರುತ್ತದೆ. ಜೊತೆಗೆ ನಿಕಲ್‌ನಂಥ ಲೋಹಗಳು. ಸಾಮಾನ್ಯ ಗಿಡಗಳಿಗೆ ಇದು ವಿಷಕ್ಕೆ ಸಮ. ಹಾಗಾಗಿ ಪಕ್ಕದ ಗ್ರಾನೈಟ್ ಇಳಿಜಾರಿನಲ್ಲಿ ಕಾಡು ದಟ್ಟವಾಗಿದ್ದರೂ ಇಲ್ಲಿ ಅಲ್ಲೊಂದು ಇಲ್ಲೊಂದು ಮರ, ಉಳಿದದ್ದು ಬರೀ ಕಲ್ಲು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಸಸ್ಯವಿಜ್ಞಾನಿ ಆರ್ಥರ್ ಕ್ರುಕೆಬರ್ಗ್ ಇಂಥ ಮಣ್ಣಿನ ಗಿಡಗಳ ಅಧ್ಯಯನಕ್ಕೇ ತಮ್ಮ ಬದುಕಿನ ದೊಡ್ಡ ಪಾಲು ಕೊಟ್ಟರು. ಇಂಗಲ್ಸ್ ಸರೋವರ ಇರುವ ಈ ವೆನಾಚಿ ಬೆಟ್ಟಗಳು ಅವರ ಕೆಲಸದ ಮುಖ್ಯ ಜಾಗಗಳಲ್ಲಿ ಒಂದು. ಬೇರೆಯವರು ಬದುಕಲಾಗದ ಆ ಮಣ್ಣನ್ನೇ ನೆಚ್ಚಿಕೊಂಡ ಒಂದು ಪಾಲಿಸ್ಟಿಕಮ್ ಇದೆ. ಅದು ಪಾಲಿಸ್ಟಿಕಮ್ ಲೆಮ್ಮೋನಿಯೈ. ಅದರ ಎಲೆ ಎರಡು ಸಲ ಸೀಳಿರುತ್ತದೆ. ಅಂದರೆ ಎಸಳಿನೊಳಗೆ ಮತ್ತೆ ಪುಟ್ಟ ಎಸಳು. ಆ ಪುಟ್ಟ ಎಸಳುಗಳು ದುಂಡಗೆ, ಮೆತ್ತಗೆ ಉಬ್ಬಿದಂತೆ ಇರುತ್ತವೆ, ತುದಿಯಲ್ಲಿ ಮುಳ್ಳಿಲ್ಲ. ಪಾಲಿಸ್ಟಿಕಮ್ ಕುಲದಲ್ಲಿ ಮುಳ್ಳಿಲ್ಲದಿರುವುದು ಅಪರೂಪ, ಅಲ್ವಾ? ಅದಕ್ಕೇ ಇದನ್ನು ಒಮ್ಮೆ ನೋಡಿದರೆ ಮರೆಯುವುದು ಕಷ್ಟ. ನೀವು ಕಂಡ ಗಿಡದ ಎಸಳು ಪೂರ್ತಿ ಸೀಳಿದ್ದು, ಮುಟ್ಟಿದಾಗ ಚುಚ್ಚದಿದ್ದರೆ ಅದು ಲೆಮ್ಮೋನಿಯೈ.

ಚುಚ್ಚಿದರೆ? ಎಸಳು ಬುಡದಲ್ಲಿ ಮಾತ್ರ ಆಳವಾಗಿ ಸೀಳಿ, ತುದಿಯ ಕಡೆ ಸುಮ್ನೆ ಹಲ್ಲುಗಳಾಗಿದ್ದರೆ? ಆಗ ಕಥೆ ಇನ್ನೂ ಸ್ವಾರಸ್ಯ. ಇಂಬ್ರಿಕನ್ಸ್ ಮತ್ತು ಲೆಮ್ಮೋನಿಯೈ ಹಿಂದೆಂದೋ ಬೆರೆತು ಹುಟ್ಟಿದ ಜಾತಿಯೊಂದಿದೆ, ಪಾಲಿಸ್ಟಿಕಮ್ ಸ್ಕೋಪ್ಯುಲಿನಮ್ ಎಂದು. ಸಾಮಾನ್ಯವಾಗಿ ಎರಡು ಜರಿ ಜಾತಿಗಳು ಬೆರೆತರೆ ಹುಟ್ಟುವ ಗಿಡ ಬಂಜೆ. ಎರಡು ಕಡೆಯಿಂದ ಬಂದ ಕ್ರೋಮೋಸೋಮ್‌ಗಳು ಜೋಡಿ ಸಿಗದೆ, ಬೀಜಾಣು ಸರಿಯಾಗಿ ಕಟ್ಟುವುದಿಲ್ಲ. ಆದರೆ ಯಾವಾಗಲಾದರೂ ಒಮ್ಮೆ ಕ್ರೋಮೋಸೋಮ್‌ಗಳ ಸಂಖ್ಯೆ ಇಡಿಯಾಗಿ ಎರಡರಷ್ಟಾಗಿಬಿಡುತ್ತದೆ. ಆಗ ಪ್ರತಿಯೊಂದಕ್ಕೂ ಜೋಡಿ ಸಿಕ್ಕಿ ಗಿಡಕ್ಕೆ ಮತ್ತೆ ಬೀಜಾಣು ಬರುತ್ತದೆ, ಹೊಸ ಜಾತಿಯೇ ನಿಲ್ಲುತ್ತದೆ. ಪಾಲಿಸ್ಟಿಕಮ್‌ನಲ್ಲಿ ಮೂಲ ಜಾತಿಗಳಿಗೆ 82 ಕ್ರೋಮೋಸೋಮ್, ಸ್ಕೋಪ್ಯುಲಿನಮ್‌ಗೆ 164. ತಂದೆ ತಾಯಿ ಇಬ್ಬರ ಗುಣವೂ ಎಲೆಯಲ್ಲಿ ಕಾಣುತ್ತದೆ: ಇಂಬ್ರಿಕನ್ಸ್‌ನ ಮುಳ್ಳು, ಲೆಮ್ಮೋನಿಯೈನ ಸೀಳು. ಈ ಜಾತಿ ಪಶ್ಚಿಮದ ಬೆಟ್ಟಗಳಲ್ಲಿ ಅಲ್ಲಲ್ಲಿ ಇದೆ. ಸಾವಿರಾರು ಕಿಲೋಮೀಟರ್ ದೂರದಲ್ಲಿ, ಪೂರ್ವ ಕೆನಡಾದ ಕ್ವೆಬೆಕ್‌ನ ಸರ್ಪೆಂಟೈನ್ ಬೆಟ್ಟದಲ್ಲೂ ಇದೆ.

ಇನ್ನೊಂದು ಇಂಥದ್ದೇ ಜಾತಿಯ ತಂದೆ ತಾಯಿ ಲೊಂಕಿಟಿಸ್ ಮತ್ತು ಲೆಮ್ಮೋನಿಯೈ. ಅದಕ್ಕೆ ಕ್ರುಕೆಬರ್ಗ್ ಅವರ ಗೌರವಕ್ಕಾಗಿ ಪಾಲಿಸ್ಟಿಕಮ್ ಕ್ರುಕೆಬರ್ಗಿಯೈ ಎಂದು 1966ರಲ್ಲಿ ಹೆಸರಿಟ್ಟರು. ತೀರಾ ಗಿಡ್ಡ ಗಿಡ, ಎಲೆ ಸಾಮಾನ್ಯವಾಗಿ ಒಂದು ಗೇಣಿನ ಆಸುಪಾಸು. ಲೊಂಕಿಟಿಸ್‌ನ ಹಾಗೆ ಕೆಳಗಿನ ಎಸಳುಗಳು ಚಿಕ್ಕ ತ್ರಿಕೋನ. ಇದು ಅಪರೂಪ. ಸಿಕ್ಕಿತು ಅನ್ನಿಸಿದರೆ ದಯವಿಟ್ಟು ಒಂದೆಲೆಯನ್ನೂ ಕೀಳದೆ ಚೆನ್ನಾಗಿ ಫೋಟೋ ತೆಗೆಯಿರಿ.

ಕಾಡಿನಲ್ಲಿ ಬಂಜೆ ಬೆರಕೆಗಳೂ ಸಿಗುತ್ತವೆ. ಎರಡು ಜಾತಿ ಪಕ್ಕಪಕ್ಕ ಬೆಳೆಯುವ ಕಡೆ, ನಡುವೆ ಒಂದೇ ಒಂದು ಗಿಡ ಎರಡಕ್ಕೂ ಹೋಲುವಂತೆ ಇದ್ದರೆ ಹಾಗಿರಬಹುದು. ಅದನ್ನು ಖಚಿತ ಮಾಡಲು ಬೀಜಾಣುಗಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು. ಬಂಜೆ ಗಿಡದಲ್ಲಿ ಅವು ಸುಕ್ಕಾಗಿ, ಅಂಕುಡೊಂಕಾಗಿ ಇರುತ್ತವೆ. ಮನೆಯಲ್ಲಿ ಕೂತು ಫೋಟೋ ನೋಡಿ ಇದು ಆಗುವ ಕೆಲಸವಲ್ಲ. ಅಂಥ ಕಡೆ "ಪಾಲಿಸ್ಟಿಕಮ್, ಬಹುಶಃ ಬೆರಕೆ" ಎಂದು ಬರೆದು ನಿಲ್ಲಿಸುವುದೇ ಸರಿ. ಒತ್ತಾಯ ಮಾಡಿ ಹೆಸರು ಕೊಟ್ಟರೆ ಆ ತಪ್ಪು ದಾಖಲೆಯನ್ನು ಮುಂದಿನವರು ನಿಜ ಎಂದು ನಂಬುತ್ತಾರೆ. ನಮ್ಮ ಸಂಗ್ರಹಾಲಯದಲ್ಲಿ ಒಣಗಿಸಿದ ಗಿಡಗಳನ್ನು ಅಂಟಿಸಿಟ್ಟ ಹಾಳೆಗಳಲ್ಲಿ ಹಾಗೆ ಕುಳಿತಿರುವ ತಪ್ಪು ಹೆಸರುಗಳನ್ನು ತಿದ್ದುವುದರಲ್ಲೇ ಎಷ್ಟೋ ದಿನ ಹೋಗುತ್ತದೆ.

ಅಮ್ಮನ ಪಲ್ಯದ ವಿಷಯ. ಅವರು ಹೇಳುವುದರಲ್ಲಿ ನಿಜವಿದೆ, ಆದರೆ ಅದು ಈ ಗಿಡದ ಮಾತಲ್ಲ. ಕೊಡಗಿನಲ್ಲಿ ತೆರ್ಮೆ ತೊಪ್ಪು ಎಂದು ಮಳೆಗಾಲದಲ್ಲಿ ಬೇಯಿಸಿ ತಿನ್ನುವುದು ಡಿಪ್ಲಾಜಿಯಮ್ ಎಸ್ಕುಲೆಂಟಮ್ ಎಂಬ, ಹಳ್ಳದ ಬದಿಯಲ್ಲಿ ಬೆಳೆಯುವ ಜರಿ. ಸೋರ್ಡ್ ಫರ್ನ್‌ನ ಚಿಗುರು ಹುರುಪೆಯಿಂದ ಮುಚ್ಚಿರುತ್ತದೆ, ಅದನ್ನು ಸೊಪ್ಪಿನ ಹಾಗೆ ತಿನ್ನುವ ರೂಢಿ ಇಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಆಹಾರ ಕಡಿಮೆಯಾದ ಕಾಲದಲ್ಲಿ ಇದರ ಬುಡದ ಗೆಡ್ಡೆಯನ್ನು ಸುಟ್ಟು ತಿನ್ನುತ್ತಿದ್ದರು. ಎಲೆಯನ್ನು ಅಡುಗೆ ಗುಂಡಿಗೆ ಹಾಸಲು, ಮಲಗುವ ಜಾಗಕ್ಕೆ ಹಾಸಲು ಬಳಸುತ್ತಿದ್ದರು. ಅದು ತಲೆಮಾರುಗಳ ತಿಳಿವಳಿಕೆಯಿಂದ ಬಂದದ್ದು. ನಿಮಗೆ ನನ್ನ ಸಲಹೆ, ಬೇಡ. ಅದೇ ಕಾಡಿನಲ್ಲಿ ಬ್ರ್ಯಾಕನ್ ಎಂಬ ಜರಿಯೂ ಇದೆ, ಅದರಲ್ಲಿ ಕ್ಯಾನ್ಸರ್ ತರಬಲ್ಲ ಟ್ಯಾಕ್ವಿಲೊಸೈಡ್ ಎಂಬ ಅಂಶವಿದೆ. ಸುರುಳಿ ಚಿಗುರು ನೋಡಿ ಯಾವುದು ಯಾವುದು ಎಂದು ಹೊಸಬರು ಹೇಳುವುದು ಕಷ್ಟ.

ಕಿತ್ತು ತರಬಹುದೇ ಎಂಬ ಕೊನೆಯ ಪ್ರಶ್ನೆಗೆ ನೇರ ಉತ್ತರ, ಬೇಡ. ಕಾನೂನಿನ ಮಾತು ಮೊದಲು. ಮೌಂಟ್ ರೇನಿಯರ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಗಿಡ ಕೀಳುವಂತಿಲ್ಲ. ನೀವು ಹೋದ ಎರಡೂ ಕಡೆ ಇರುವುದು ರಾಷ್ಟ್ರೀಯ ಅರಣ್ಯ. ಅಲ್ಲಿ ಗಿಡ ಅಗೆಯಲು ಅನುಮತಿ ಬೇಕು, ಬೀಜಾಣು ಇರುವ ಒಂದೆಲೆ ತರುವುದಕ್ಕೂ ರೇಂಜರ್ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಿ.

ಕಾನೂನು ಬದಿಗಿಟ್ಟರೂ ಗಿಡ ಬದುಕುವುದಿಲ್ಲ. ಬಂಡೆ ಬಿರುಕಿನ ಗಿಡದ ಬೇರು ಬಿರುಕಿನೊಳಗೆ ಎಷ್ಟೋ ಆಳಕ್ಕೆ ಹೋಗಿರುತ್ತದೆ. ಎಳೆದಾಗ ನಿಮಗೆ ಸಿಗುವುದು ಬುಡ ಮಾತ್ರ, ನೀರು ಹೀರುವ ಬೇರು ಕಲ್ಲಿನಲ್ಲೇ ಉಳಿಯುತ್ತದೆ. ಲೆಮ್ಮೋನಿಯೈ ಅಂತೂ ಸಾಮಾನ್ಯ ತೋಟದ ಮಣ್ಣಿಗೆ ಒಗ್ಗುವುದು ಬಹಳ ಕಷ್ಟ, ಅನುಭವಿ ತೋಟಗಾರರ ಕೈಯಲ್ಲೂ ಸೊರಗಿ ಹೋಗುತ್ತದೆ. ಇಂಬ್ರಿಕನ್ಸ್‌ಗೆ ಶತ್ರು ಎಂದರೆ ರೆಡ್ಮಂಡ್‌ನ ಚಳಿಗಾಲದ ಮಳೆ. ನೀರು ನಿಂತರೆ ಬುಡ ಕೊಳೆಯುತ್ತದೆ.

ಹಾಗಾದರೆ ದಾರಿ ಏನು? ಸುಲಭದ್ದು ಮ್ಯುನಿಟಮ್. ಕಿಂಗ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್ ನಡೆಸುವ ಸ್ಥಳೀಯ ಗಿಡಗಳ ಮಾರಾಟ, ವಾಷಿಂಗ್ಟನ್ ನೇಟಿವ್ ಪ್ಲಾಂಟ್ ಸೊಸೈಟಿಯ ಮಾರಾಟ, ಇಲ್ಲವೇ ಸ್ಥಳೀಯ ಗಿಡಗಳ ನರ್ಸರಿಗಳಲ್ಲಿ ವಿಚಾರಿಸಿ. ಅದು ಕಲ್ಲುತೋಟದ ನೆರಳಿನ ಬದಿಗೆ ಹೊಂದುತ್ತದೆ, ಬಿಸಿಲಿಗೆ ಇಟ್ಟರೆ ನಾನು ಮೇಲೆ ಹೇಳಿದ ಗಿಡ್ಡ ವೇಷ ಹಾಕುತ್ತದೆ. ಇಂಬ್ರಿಕನ್ಸ್ ಬೇಕೇ ಬೇಕು ಎಂದರೆ ಜರಿಗಿಡಗಳಲ್ಲೇ ಪರಿಣತಿ ಇರುವ ನರ್ಸರಿಗಳನ್ನು ಕೇಳಿ. ಬೀಜಾಣುವಿನಿಂದ ಬೆಳೆಸಿದ ಗಿಡವೇ ಕೊಡಿ, ಕಾಡಿನಿಂದ ತಂದದ್ದು ಬೇಡ ಎಂದು ಬಾಯಿಬಿಟ್ಟು ಹೇಳಿ. ನೆಡುವಾಗ ಮಣ್ಣಿಗಿಂತ ಜಲ್ಲಿ ಜಾಸ್ತಿ ಇರಲಿ, ಬುಡ ಮಣ್ಣಿನ ಮಟ್ಟದಿಂದ ಸ್ವಲ್ಪ ಮೇಲಿರಲಿ, ಇಳಿಜಾರು ಇರಲಿ. ಸಿಯಾಟಲ್‌ನ ದಕ್ಷಿಣಕ್ಕೆ ಫೆಡರಲ್ ವೇ ಊರಿನಲ್ಲಿ ಹಾರ್ಡಿ ಫರ್ನ್ ಫೌಂಡೇಶನ್‌ನ ಜರಿ ಸಂಗ್ರಹ ಇದೆ. ಅಲ್ಲಿ ಹೋದರೆ ಬೇರೆ ಬೇರೆ ಪಾಲಿಸ್ಟಿಕಮ್‌ಗಳನ್ನು ಹೆಸರಿನ ಫಲಕದ ಸಮೇತ ನೋಡಬಹುದು. ಕಣ್ಣು ಪಳಗಿಸಲು ಅದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇಲ್ಲ. ಅಮ್ಮ ಮುಂದಿನ ಸಲ ಬರುವಾಗ ಬೆಂಗಳೂರಿನ ಗಿಡ ತರುವುದು ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ, ಬಿಟ್ಟರೂ ನೆಫ್ರೊಲೆಪಿಸ್ ಅಲ್ಲಿನ ಹೊರಗಿನ ಚಳಿಗೆ ನಿಲ್ಲುವುದಿಲ್ಲ.

ಮತ್ತೆ ಬೆಟ್ಟಕ್ಕೆ ಹೋಗುವುದಾದರೆ ಹಿಮ ಪೂರ್ತಿ ಕರಗಿದ ಮೇಲೆ, ಜುಲೈ ಕೊನೆಯಿಂದ ಆಗಸ್ಟ್‌ನಲ್ಲಿ ಹೋಗಿ. ಆಗ ಹೊಸ ಎಲೆಗಳು ಗಟ್ಟಿಯಾಗಿರುತ್ತವೆ, ಬೀಜಾಣು ಗೂಡಿನ ಪೊರೆ ಇನ್ನೂ ಇರುತ್ತದೆ. ಒಂದೇ ಗಿಡದ ಐದು ಫೋಟೋ ಬೇಕು: ಜಾಗದ ಸಮೇತ ಇಡೀ ಗಿಡ, ಹಳೆಯ ಎಲೆಯ ತೊಟ್ಟು ಬುಡದಿಂದ ಮೊದಲ ಎಸಳಿನವರೆಗೆ, ಎಲೆಯ ನಡುವಿನ ಒಂದೆರಡು ಎಸಳು ಮೇಲಿನಿಂದ, ಅದೇ ಎಸಳು ಅಡಿಯಿಂದ, ಮತ್ತು ಆ ಗಿಡ ನಿಂತ ಕಲ್ಲಿನ ಒಡೆದ ಮುಖ. ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ ಇಡಿ. ಅಡಿಯ ಫೋಟೋ ತೆಗೆಯುವಾಗ ಎಲೆಯನ್ನು ಮುರಿಯಬೇಡಿ, ಮೆಲ್ಲಗೆ ಮಗುಚಿದರೆ ಸಾಕು. ಸಿಯಾಟಲ್‌ನ ಬರ್ಕ್ ಮ್ಯೂಸಿಯಂನ ಸಸ್ಯಸಂಗ್ರಹದ ಚಿತ್ರಗಳು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿವೆ, ಮೊದಲು ಅದರೊಂದಿಗೆ ಹೋಲಿಸಿ ನೋಡಿ. ಆಮೇಲೆ ಫೋಟೋ ಕಳಿಸಿ. ಇಂಗಲ್ಸ್ ದಾರಿಯ ಗಿಡದ ಎಸಳನ್ನು ಒಮ್ಮೆ ಬೆರಳಿನಿಂದ ಮುಟ್ಟಿ, ಚುಚ್ಚಿತೋ ಇಲ್ಲವೋ ಎಂದು ಬರೆಯುವುದನ್ನು ಮರೆಯಬೇಡಿ. ಅದೊಂದು ಗೊತ್ತಾದರೆ ಲೆಮ್ಮೋನಿಯೈ ಹೌದೋ ಅಲ್ಲವೋ ಎಂದು ಹೇಳಬಲ್ಲೆ.